ಗೋಲಿ ಕಂಪೌಂಡರ್

ಫುಟ್‌ಬಾಲ್ ಆಟದಲ್ಲಿ ಹತ್ತು ಜನ ಓಡಾಡುತ್ತಿರುತ್ತಾರೆ. ಆಗಬಾರದ್ದೆಲ್ಲ ಆಗುವುದು ಮಾತ್ರ ಒಂದೇ ಕಡೆ ನಿಂತ ಹನ್ನೊಂದನೆಯವನಿಗೆ. ಅವನು ಏನೂ ಮಾಡದೆ ಸುಮ್ಮನಿದ್ದರೂ ಸರಿ, ಏನಾದರೊಂದು ತಾನಾಗಿ ಹುಡುಕಿಕೊಂಡು ಬಂದು ಅವನ ಮೇಲೆ ಬೀಳುತ್ತದೆ. ಭಟ್ಕಳದಲ್ಲಿದ್ದಷ್ಟು ಕಾಲ ಆ ಹನ್ನೊಂದನೆಯವನು ನಾನಾಗಿದ್ದೆ.

ನಾನು ಗದಗದ ಕಡೆಯವನು. ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರು. ಅಕ್ಕ ಮತ್ತು ಅವಳ ಗಂಡ, ನನ್ನವರು ಅಂತ ಇದ್ದದ್ದು ಅಷ್ಟೇ. ರಾಜ್ಯ ಒಂದಾದ ಹೊಸದರಲ್ಲಿ ಭಟ್ಕಳದ ಸರಕಾರಿ ದವಾಖಾನೆಗೆ ಕಂಪೌಂಡರನಾಗಿ ವರ್ಗವಾಗಿ ಬಂದೆ. ಹಗಲು ಹೇಗೋ ಸರಿಯುತ್ತಿತ್ತು. ಔಷಧಿ ಕೊಡುವ ಕಿಟಕಿಗೆ ಜನ ಬಾಟಲಿ ಹಿಡಿದುಕೊಂಡು ಬರುತ್ತಿದ್ದರು, ಊಟದ ಮುಂಚೆಯೋ ಆಮೇಲೋ ಎಂದು ಕೇಳುತ್ತಿದ್ದರು, ಹೋಗುತ್ತಿದ್ದರು. ಇಡೀ ಊರು ನನ್ನ ಸಂಗಡ ಆಡುತ್ತಿದ್ದ ಮಾತು ಅದೊಂದೇ. ಪೇಟೆಯಲ್ಲಿ ನವಾಯತಿ, ಕೊಂಕಣಿ, ಉರ್ದು ಎಲ್ಲ ಕೇಳುತ್ತಿತ್ತು. ಯಾವುದೂ ನನಗೆ ಬಾರದು. ಸಂಜೆ ದವಾಖಾನೆಯ ಬಾಗಿಲು ಹಾಕಿದರೆ ಮರುದಿನ ಬೆಳಿಗ್ಗೆಯವರೆಗೆ ಬಾಯಿಗೆ ಕೆಲಸವಿಲ್ಲ. ಹೂವು ಮಾರುವ ಮುದುಕಿಯೊಬ್ಬಳ ಮಾಳಿಗೆಯಲ್ಲಿ ಕೋಣೆ ಹಿಡಿದಿದ್ದೆ. ಅವಳಿಗೆ ಕಿವಿ ಮಂದ. ದವಾಖಾನೆಯಿಂದ ಬ್ಯಾಂಡೇಜಿನ ಸುರುಳಿ ತಂದಿಟ್ಟುಕೊಂಡು, ಬಿಚ್ಚುವುದು ಮತ್ತೆ ಸುತ್ತುವುದು ಮಾಡುತ್ತ ಸಂಜೆ ಕಳೆಯುತ್ತಿದ್ದೆ. ಆ ವರ್ಷ ಭಟ್ಕಳದಲ್ಲಿ ಇದ್ದಷ್ಟು ಅಚ್ಚುಕಟ್ಟಾದ ಬ್ಯಾಂಡೇಜು ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಟಿಂಚರ್ ಬಾಟಲಿ

ಊರಿನಲ್ಲಿ ನನಗಿಂತ ಹಳೆಯದಾದ ಒಂದು ಫುಟ್‌ಬಾಲ್ ಕ್ಲಬ್ ಇತ್ತು. ಅದರ ಕ್ಯಾಪ್ಟನ್ ಜವಳಿ ಅಂಗಡಿಯ ಸಾಹೇಬರು. ಐವತ್ತರ ಹತ್ತಿರದ ಮನುಷ್ಯ, ತಲೆ ಮೇಲಿನ ಟೋಪಿ ತೆಗೆಯದೆಯೇ ಆಡುವವರು. ಒಂದು ದಿನ ಅವರು ದವಾಖಾನೆಗೆ ಬಂದು, ಹೊನ್ನಾವರದವರ ಜೊತೆ ಪಂದ್ಯವಿದೆ, ಯಾರಿಗಾದರೂ ಪೆಟ್ಟಾದರೆ ನೋಡಿಕೊಳ್ಳಲು ಕಂಪೌಂಡರು ಬರಬೇಕು ಎಂದು ಡಾಕ್ಟರರ ಒಪ್ಪಿಗೆ ಕೇಳಿದರು. ನನಗೊಂದು ಕುರ್ಚಿ ಹಾಕಿಸುತ್ತಾರಂತೆ, ಕೂತರೆ ಸಾಕಂತೆ. ಯಾರಾದರೂ ನನ್ನನ್ನು ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಟಿಂಚರ್ ಬಾಟಲಿ, ಹತ್ತಿ, ಬ್ಯಾಂಡೇಜು ತೆಗೆದುಕೊಂಡು ಎಲ್ಲರಿಗಿಂತ ಮೊದಲೇ ಹೋಗಿ ಕುರ್ಚಿಯಲ್ಲಿ ಕೂತೆ.

ಆಟ ಶುರುವಾಗುವ ಹೊತ್ತಿಗೆ ತಿಳಿಯಿತು, ಗೋಲು ಕಾಯುವವನು ಬೆಳಗಿನ ಬಸ್ಸಿಗೆ ಮದ್ರಾಸಿನ ಮಾವನ ಅಂಗಡಿಗೆ ಹೊರಟುಹೋಗಿದ್ದಾನೆ. ಸಾಹೇಬರು ಸುತ್ತ ನೋಡಿದರು. ಆಮೇಲೆ ನನ್ನನ್ನು ಶರ್ಟಿನ ಬಟ್ಟೆ ಅಳೆಯುವವರಂತೆ ಕಣ್ಣಿನಲ್ಲೇ ಅಳೆದರು. ನಾನು ಆರಡಿ ಆಳು. ಫುಟ್‌ಬಾಲನ್ನು ಮುಟ್ಟಿಯೂ ಗೊತ್ತಿಲ್ಲ ಎಂದೆ.

"ಆಡೂದು ಎಂತ ಇಲ್ಲ ಕಂಪೌಂಡರ್ರೇ, ನಿಂತ್ರೆ ಆತು. ದವಾಖಾನೆಯಲ್ಲಿ ದಿನಾ ನಿಲ್ತೀರಿ. ಅಲ್ಲಿ ಕಿಟಕಿ ಸಣ್ಣದು, ಇಲ್ಲಿ ದೊಡ್ಡದು, ಅಷ್ಟೇ."

ನಿಂತೆ. ಮೊದಲ ಚೆಂಡು ನೇರ ಬಂದು ಮೂಗಿಗೆ ಹೊಡೆಯಿತು. ಗೋಲು ಆಗಲಿಲ್ಲ. ರಕ್ತ ಬಂತು. ಆಟ ನಿಂತಿತು. ಎಲ್ಲರೂ ಖಾಲಿ ಕುರ್ಚಿಯ ಕಡೆಗೆ ತಿರುಗಿ ಕಂಪೌಂಡರನ್ನು ಕೂಗಿದರು. ನಾನೇ ಎದ್ದು ಹೋಗಿ, ಕುರ್ಚಿಯಲ್ಲಿ ಕೂತು, ನನ್ನ ಮೂಗಿಗೆ ನಾನೇ ಹತ್ತಿ ತುರುಕಿಕೊಂಡು ವಾಪಸು ಬಂದೆ. ಸಾಹೇಬರು ಹೊನ್ನಾವರದವರಿಗೆ ಹೆಮ್ಮೆಯಿಂದ ಹೇಳಿದರು: "ಅದ್ಕೇ ನಾವು ಕಂಪೌಂಡರನ್ನು ಇಟ್ಕೊಂಡೇ ಆಡೂದು."

ಎರಡು ಮಾತಿನ ಭಾಷೆ

ಅಲ್ಲಿಂದ ನಾನೇ ಗೋಲಿ. ಗೋಲು ಕಾಯುವವನೂ ಗೋಲಿ, ದವಾಖಾನೆಯ ಗುಳಿಗೆಯೂ ಗೋಲಿ, ಆದ್ದರಿಂದ ಊರವರಿಗೆ ಗೋಲಿ ಕಂಪೌಂಡರ್ ಎನ್ನುವುದು ಸುಲಭವಾಯಿತು. ಆದರೆ ಆಟ ಎಷ್ಟೇ ಜೋರಾಗಿರಲಿ, ಗೋಲಿಯ ಹತ್ತಿರ ಯಾರೂ ಇರುವುದಿಲ್ಲ. ಆಚೆ ತುದಿಯಲ್ಲಿ ನಮ್ಮವರು ಕೂಗಾಡುವುದು, ನಗುವುದು ಗಾಳಿಯಲ್ಲಿ ಕೇಳುತ್ತಿತ್ತು. ಅದೂ ನನಗೆ ಬಾರದ ಮಾತಿನಲ್ಲಿ. ಮೈದಾನ ಊರಾಚೆ ಜಾಲಿಯ ಕಡಲತೀರದ ಕಡೆಗಿತ್ತು, ಬರೀ ಮರಳು. ಕಾಲಿನಿಂದ ಅದರಲ್ಲಿ ಗೆರೆ ಎಳೆಯುತ್ತ, ಅಳಿಸುತ್ತ ನಿಲ್ಲುತ್ತಿದ್ದೆ.

ನನ್ನ ಮುಂದೆ ಆಡುತ್ತಿದ್ದ ಬ್ಯಾಕು ಬೇಕರಿಯವ. ನನ್ನ ವಯಸ್ಸಿನವನೇ. ಅವನು ನನಗೆ ಅವರ ಭಾಷೆಯ ಎರಡು ಮಾತು ಕಲಿಸಿಕೊಟ್ಟ. 'ಧರ್' ಎಂದರೆ ಹಿಡಿ. 'ಸೋಡ್' ಎಂದರೆ ಬಿಡು, ಚೆಂಡು ಹೊರಗೆ ಹೋಗುತ್ತದೆ, ಮುಟ್ಟಬೇಡ. ಇಷ್ಟು ಬಂದರೆ ಸಂಸಾರ ಸಾಗುತ್ತದೆ ಎಂದ. ನಾನು ಕೋಣೆಯಲ್ಲಿ ಬ್ಯಾಂಡೇಜು ಸುತ್ತುವಾಗ ಧರ್, ಸೋಡ್ ಎಂದು ಬಾಯಿಪಾಠ ಮಾಡಿದೆ. ಮುದುಕಿಗೆ ಏನು ಕೇಳಿಸಿತೋ, ಕೆಳಗಿನಿಂದ ಒಂದು ಲೋಟ ಕಷಾಯ ತಂದುಕೊಟ್ಟಳು.

ಮುಂದಿನ ಪಂದ್ಯದಲ್ಲಿ ಚೆಂಡು ನಿಧಾನವಾಗಿ ಉರುಳುತ್ತ ನನ್ನ ಕಡೆಗೇ ಬರುತ್ತಿತ್ತು. ಮಗುವಾದರೂ ಹಿಡಿಯಬಹುದಿತ್ತು. ಬಗ್ಗಿದ್ದೇನೆ, ಅಷ್ಟರಲ್ಲಿ ಬೇಕರಿಯವ ಜೀವ ಹೋಗುವವನ ಹಾಗೆ "ಸೋಡ್, ಸೋಡ್" ಎಂದು ಕೂಗಿದ. ಕಲಿತ ಪಾಠ. ಕೈ ಹಿಂದಕ್ಕೆ ಎಳೆದುಕೊಂಡು, ಮರ್ಯಾದೆಯಿಂದ ಪಕ್ಕಕ್ಕೆ ಸರಿದು ನಿಂತೆ. ಚೆಂಡು ಒಳಗೆ ಹೋಯಿತು.

ತಲೆಯೆತ್ತಿ ನೋಡಿದರೆ ಎದುರು ತಂಡದವನೊಬ್ಬ ಬೇಕರಿಯವನ ಶರ್ಟು ಹಿಂದಿನಿಂದ ಜಗ್ಗಿ ಹಿಡಿದುಕೊಂಡಿದ್ದ. ಇವನು ಬಿಡು ಬಿಡು ಎಂದು ಕೂಗಿದ್ದು ಅವನಿಗೆ. ಅವನು ಶರ್ಟು ಬಿಡಲಿಲ್ಲ. ಹೇಳಿದ ಕೂಡಲೇ ಬಿಟ್ಟವನು ನಾನೊಬ್ಬನೇ.

ಎರಡು ಸಲ ಇಪ್ಪತ್ತೈದು

ಕ್ಲಬ್ಬಿಗೆ ಇಪ್ಪತ್ತೈದು ತುಂಬಿತು, ಸಮಾರಂಭ ಮಾಡಬೇಕು ಎಂದಾಯಿತು. ಯಾವ ವರ್ಷ ಹುಟ್ಟಿತು ಎಂಬಲ್ಲಿ ಜಗಳ ಬಂತು. ಸಾಹೇಬರ ಪ್ರಕಾರ ಮೊದಲ ಚೆಂಡು ಬಂದದ್ದು ಮದ್ರಾಸಿನಿಂದ, ಅವರ ಅಣ್ಣನ ಮದುವೆಯ ವರ್ಷ. ತೆಂಗಿನಕಾಯಿ ವ್ಯಾಪಾರದ ಹಿರಿಯರೊಬ್ಬರ ಪ್ರಕಾರ ಅದು ಬಂದದ್ದು ಕೊಲಂಬೊದಿಂದ, ಅದರ ಮುಂದಿನ ವರ್ಷ, ಅದನ್ನು ತಂದವನು ತಾನೇ. ಇಬ್ಬರೂ ಒಪ್ಪಿದ ಸಂಗತಿ ಒಂದೇ: ಚೆಂಡಿನೊಳಗೆ ಗಾಳಿ ತುಂಬಬೇಕು ಎಂದು ಆಗ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲ ವರ್ಷ ಪೂರ್ತಿ ಅದರೊಳಗೆ ತೆಂಗಿನ ನಾರು ತುಂಬಿ ಆಡಿದರಂತೆ. ಆ ಕಾಲದ ಆಟಗಾರರ ಕಾಲಿನ ಹೆಬ್ಬೆರಳುಗಳನ್ನು ನಾನು ದವಾಖಾನೆಯಲ್ಲಿ ಕಣ್ಣಾರೆ ಕಂಡಿದ್ದೇನೆ, ನಂಬಲೇಬೇಕು.

ಯಾರೂ ಸೋಲಲಿಲ್ಲವಾದ್ದರಿಂದ ಸಮಾರಂಭ ಎರಡು ವರ್ಷ, ಎರಡು ಸಲ ನಡೆಯಿತು. ಎರಡು ಸಲವೂ ಫೋಟೋ ತೆಗೆದರು. ಮೊದಲನೆಯ ಸಲ ಉದ್ದ ಇದ್ದೇನೆಂದು ನನ್ನನ್ನು ಹಿಂದಿನ ಸಾಲಿಗೆ ನಿಲ್ಲಿಸಿದರು. ಫೋಟೋ ಬಂದಾಗ ನನ್ನ ಕುತ್ತಿಗೆಯವರೆಗೆ ಇತ್ತು, ತಲೆ ಇರಲಿಲ್ಲ. ಎರಡನೆಯ ಸಲ ಫೋಟೋದವನು ಎಚ್ಚರಿಕೆಯಿಂದ ನನ್ನನ್ನು ಬಗ್ಗಲು ಹೇಳಿದ. ಬಗ್ಗಿದೆ. ಸಾಹೇಬರ ಹಿಂದೆ ಮೈಯೆಲ್ಲ ಮುಚ್ಚಿಹೋಗಿ, ಅವರ ಟೋಪಿಯ ಮೇಲೆ ಬರೀ ತಲೆ ಬಂತು.

ಎರಡೂ ಫೋಟೋಗಳನ್ನು ಕ್ಲಬ್ಬಿನ ಗೋಡೆಗೆ ಅಕ್ಕಪಕ್ಕ ಹಾಕಿದರು. ಹಬ್ಬಕ್ಕೆ ಊರಿಗೆ ಬಂದವರು ತಮ್ಮನ್ನೂ, ಬೊಂಬಾಯಿಯಲ್ಲೋ ಕಲ್ಲಿಕೋಟೆಯಲ್ಲೋ ಇದ್ದ ತಮ್ಮವರನ್ನೂ ಅದರಲ್ಲಿ ಹುಡುಕಿ ಬೆರಳು ಮಾಡಿ ತೋರಿಸುತ್ತಿದ್ದರು. ನಾನೂ ಆಗಾಗ ಹೋಗಿ ನೋಡುತ್ತಿದ್ದೆ. ಇದರಲ್ಲಿ ಗೋಲಿ ಯಾರು ಎಂದು ಹೊಸಬನೊಬ್ಬ ಕೇಳಿದಾಗ ಸಾಹೇಬರು ಹೇಳಿದರು: "ಎರಡನ್ನೂ ಸೇರಿಸಿ ನೋಡ್ಬೇಕು. ಆಗ ಪೂರಾ ಸಿಕ್ತಾರೆ."

ಇಬ್ಬರ ಪಂದ್ಯ

ಹಬ್ಬದ ದಿನಗಳಲ್ಲಿ ನಮ್ಮ ಕ್ಲಬ್ಬಿನಲ್ಲಿ ಎರಡು ತಂಡ ಮಾಡಿದರೂ ಮಿಕ್ಕುವಷ್ಟು ಜನ. ಹಬ್ಬ ಮುಗಿಯಿತೆಂದರೆ ಒಬ್ಬೊಬ್ಬರಾಗಿ ಹಾಸಿಗೆ ಸುತ್ತಿಕೊಂಡು ಅಂಗಡಿ ಇದ್ದ ಊರುಗಳಿಗೆ ಹೊರಟುಬಿಡುತ್ತಿದ್ದರು. ದವಾಖಾನೆಯ ಕಿಟಕಿಯಿಂದ ಬಸ್ಸು ನಿಲ್ಲುವ ಜಾಗ ಕಾಣುತ್ತಿತ್ತು. ಇವತ್ತು ಸೆಂಟರ್ ಫಾರ್ವರ್ಡ್ ಹೋದ, ನಾಳೆ ಎಡಗಡೆಯವನು ಹೋಗುತ್ತಾನೆ ಎಂದು ನೋಡುತ್ತ ಔಷಧಿ ಕಲಸುತ್ತಿದ್ದೆ. ಒಂದು ವರ್ಷ ಬೇಕರಿಯವನೂ ಜ್ವರ ಬಂದು ಮಲಗಿದ. ಉಳಿದವರು ಸಾಹೇಬರು ಮತ್ತು ನಾನು.

ಆದರೂ ಸಾಹೇಬರು ಸಂಜೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಮೈದಾನಕ್ಕೆ ಬರುತ್ತಿದ್ದರು. ಕ್ಲಬ್ ಒಂದು ದಿನ ಮುಚ್ಚಿದರೆ ಆಮೇಲೆ ಅದನ್ನು ತೆರೆಯುವವರಿಲ್ಲ ಎನ್ನುವುದು ಅವರ ಹೆದರಿಕೆ. ಮೈದಾನಕ್ಕೆ ಹೋಗದಿದ್ದರೆ ಕೋಣೆಗೆ ಹೋಗಬೇಕಲ್ಲ ಎನ್ನುವುದು ನನ್ನ ಹೆದರಿಕೆ. ಅವರು ಹೊಡೆಯುವುದು, ನಾನು ಹಿಡಿಯುವುದು. ಹಿಡಿಯದಿದ್ದರೆ ಇಬ್ಬರೂ ಮಾತಾಡಿಕೊಳ್ಳುತ್ತ ಹೋಗಿ ಚೆಂಡು ತರುವುದು. ನಿಜ ಹೇಳಬೇಕೆಂದರೆ ಆ ತರುವ ದಾರಿ ನನಗೆ ಇಷ್ಟವಾಗಿತ್ತು. ಹಿಡಿಯಬಹುದಾದ ಕೆಲವನ್ನೂ ಬಿಡುತ್ತಿದ್ದೆ.

ಒಂದು ಸಂಜೆ ಎತ್ತಿನ ಗಾಡಿಯವನೊಬ್ಬ ರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಬಹಳ ಹೊತ್ತು ನೋಡಿದ. ಕೊನೆಗೆ ತಡೆಯಲಾರದೆ, ಯಾರು ಗೆಲ್ಲುತ್ತಿದ್ದಾರೆ ಎಂದು ಕೇಳಿದ. ಸಾಹೇಬರು ಬೆವರು ಒರೆಸಿಕೊಂಡು ಗಂಭೀರವಾಗಿ ಹೇಳಿದರು: "ಈಗ್ಲೇ ಹೇಳೂಕೆ ಬರೂದಿಲ್ಲ. ಹಾಫ್‌ಟೈಮ್ ಆಗ್ಬೇಕು."

ಅವನು ಹಾಫ್‌ಟೈಮಿನವರೆಗೆ ಕಾದ.

ಕುಮಟೆಯ ಬಸ್‌ಸ್ಟ್ಯಾಂಡ್

ಆಗ ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಬಸ್ಸಿನಿಂದ ಇಳಿದು, ಹೊಳೆ ದಾಟಿ, ಆಚೆ ದಡದಲ್ಲಿ ಮತ್ತೊಂದು ಬಸ್ಸು ಹಿಡಿಯಬೇಕು. ಕುಮಟೆಗೆ ಆಡಲು ಹೋಗುವುದೆಂದರೆ ಆಟಕ್ಕಿಂತ ಪ್ರಯಾಣವೇ ದೊಡ್ಡದು. ಒಂದು ಸಲ ಕುಮಟೆಯಲ್ಲಿ ಬೆಳಗಿನ ಆಟ ಮುಗಿದು, ಮಧ್ಯಾಹ್ನ ವಾಪಸು ಹೊರಡುವಾಗ ನಾನು ಹೋಟೆಲಿನ ಹಿಂದೆ ಹೋಗಿ ಮೊಣಕಾಲಿನ ಗಾಯ ತೊಳೆದುಕೊಳ್ಳುತ್ತಿದ್ದೆ. ಬಂದು ನೋಡಿದರೆ ಬಸ್ಸಿಲ್ಲ.

ಅವರು ಹಾಗೇ ಬಿಟ್ಟುಹೋದದ್ದಲ್ಲ. ಬೇಕರಿಯವ ಹಿಂದಿನ ಸೀಟಿನಿಂದ ತಲೆ ಎಣಿಸಿದ್ದ, ಸರಿಯಾಗಿ ಹನ್ನೊಂದಿತ್ತು. ಹೊನ್ನಾವರದ ನೆಂಟರ ಮನೆಗೆ ಹೊರಟಿದ್ದ ಹಿರೇಗುತ್ತಿಯ ಗೃಹಸ್ಥರೊಬ್ಬರು ನಮ್ಮವರ ನಡುವೆ ಕೂತಿದ್ದರು, ಅವರೂ ನನ್ನಷ್ಟೇ ಉದ್ದ. ಇನ್ನು ದಾರಿಯುದ್ದಕ್ಕೂ ಆ ತಲೆ ಒಂದು ಮಾತೂ ಆಡದಿದ್ದುದರಿಂದ ನಾನೇ ಎಂಬುದರಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಕರ್ಕಿ ದಾಟಿ, ಹೊಳೆಯ ದಡದಲ್ಲಿ ಇಳಿದಾಗಲೇ ಗೋಲಿಗೆ ದೊಡ್ಡ ಮೀಸೆ ಇರುವುದು ಕಂಡದ್ದು.

ನಾನು ಇತ್ತ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಬಸ್ಸುಗಳು ಬಂದವು, ಹೋದವು. ಹತ್ತಲಿಲ್ಲ. ನಾನಿಲ್ಲದ್ದು ಅವರಿಗೆ ಯಾವಾಗ ತಿಳಿದೀತು ಎಂದು ಯೋಚಿಸುತ್ತಿದ್ದೆ. ಇವತ್ತು ತಿಳಿಯಲಿಕ್ಕಿಲ್ಲ, ಸೋಮವಾರ ಔಷಧಿಯ ಕಿಟಕಿ ತೆರೆಯದಿದ್ದಾಗ ತಿಳಿದೀತು ಅನ್ನಿಸಿತು.  ಬಿಸಿಲು ಇಳಿಯುವ ಹೊತ್ತಿಗೆ ಉಪ್ಪು ಇಳಿಸಿ ವಾಪಸು ಬರುತ್ತಿದ್ದ ಲಾರಿಯೊಂದು ಬಂದು ನಿಂತಿತು. ಹಿಂದಿನಿಂದ ಸಾಹೇಬರು ಇಳಿದರು. ಟೋಪಿ, ಅಂಗಿ, ಗಡ್ಡ ಎಲ್ಲ ಉಪ್ಪು.

ಅವರು ಮೊದಲು ನನ್ನ ತೋಳು ಹಿಡಿದುಕೊಂಡರು. ಆಮೇಲೆ ಸಿಟ್ಟು ಬಂತು. ಆಮೇಲಿನ ಬಸ್ಸಿಗೆ ಬರುವುದಕ್ಕೆ ಏನಾಗಿತ್ತು ಎಂದು ಬೈದರು. ಏನಾದರೂ ಆಗಲಿ ಜಾಗ ಬಿಟ್ಟು ಕದಲಬೇಡಿ ಅಂತ ನೀವೇ ಹೇಳಿಕೊಟ್ಟಿದ್ದಿರಲ್ಲ ಎಂದೆ.

"ಅದು ಗೋಲು ಕಂಬದ ನಡುವೆ, ಮಾರಾಯ್ರೇ. ಕುಮಟೆ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಗೆ ಗೋಲು ಹೊಡೆಯೂಕೆ ಯಾರು ಬರ್ತಾರೆ?"

ಹುಡುಗಿಯ ತಂದೆ

ಇಷ್ಟು ವರ್ಷವಾದರೂ ನಾನು ಒಂಟಿಯಾಗಿರುವುದು ಅಕ್ಕನಿಗೆ ಚಿಂತೆಯಾಗಿತ್ತು. ಅವಳ ಗಂಡ, ನಮ್ಮ ಮಾಮಾ, ಗದಗದ ಹತ್ತಿರದ ಹಳ್ಳಿಯಲ್ಲಿ ಒಂದು ಹುಡುಗಿಯನ್ನು ನೋಡಿದರು. ಹುಡುಗಿಯ ತಂದೆ ಶೇಂಗಾ ಬೆಳೆಯುವ ರೈತ, ಯಾವುದನ್ನೂ ವಿಚಾರಿಸದೆ ಒಪ್ಪುವವರಲ್ಲ. ಹುಡುಗನನ್ನು ನೋಡುವ ಮೊದಲು ಅವನಿರುವ ಊರಿನವರನ್ನು ಕೇಳಬೇಕು ಎಂದು, ನನಗೆ ಹೇಳದೆ ಮಾಮಾನನ್ನು ಕರೆದುಕೊಂಡು ಭಟ್ಕಳಕ್ಕೆ ಬಂದಿಳಿದರು. ಮಾಮಾ ಹೋಟೆಲಿನಲ್ಲಿ ಮುಖ ತೊಳೆಯುವಷ್ಟರಲ್ಲಿ ಇವರು ಎದುರಿಗಿದ್ದ ಬೇಕರಿಗೆ ಹೋಗಿ ವಿಚಾರಣೆ ಶುರು ಮಾಡಿದರು. ಅಲ್ಲಿದ್ದದ್ದು ನಮ್ಮ ಬ್ಯಾಕು.

"ಇಲ್ಲಿ ದವಾಖಾನಿ ಕಂಪೌಂಡರ ಹೆಂಗ? ನಾವು ಗದಗಿನ ಕಡೆಯವ್ರು. ಅವ್ರನ್ನ ನಮ್ಮ ಕಡೆ ಮಾಡಿಕೊಳ್ಳೋ ವಿಚಾರ ಐತಿ."

ಬೇಕರಿಯವನ ಎದೆ ಧಸಕ್ಕೆಂದಿತು. ಗದಗದ ಯಾವುದೋ ತಂಡದವರು ನಮ್ಮ ಗೋಲಿಯನ್ನು ಹಾರಿಸಿಕೊಂಡು ಹೋಗಲು ಬಂದಿದ್ದಾರೆ ಎಂದುಕೊಂಡ. ಬಿಟ್ಟುಕೊಡಬಾರದು ಎಂದು ನಿಶ್ಚಯಿಸಿದ.

"ಅವ್ರನ್ನ ಕಟ್ಕೊಂಡು ಎಂತ ಮಾಡ್ತ್ರಿ? ಹೊನ್ನಾವರದಲ್ಲಿ ಎರಡು ಬಿಟ್ರು. ಕುಮಟೆಯಲ್ಲಿ ಮೂರು."

ಹುಡುಗಿಯ ತಂದೆ ಪಕ್ಕದಲ್ಲಿದ್ದ ಬೆಂಚು ಹಿಡಿದುಕೊಂಡು ಕೂತರು. ಮೂರನ್ನು ಬಿಡುವುದಕ್ಕೆ ಎಷ್ಟು ವರ್ಷ ಹಿಡಿಯಿತು ಎಂದು ಮೆಲ್ಲಗೆ ಕೇಳಿದರು. ವರ್ಷವೆಂಥದು, ಒಂದೇ ದಿನ, ಅದೂ ಇಡೀ ಊರು ನೋಡುತ್ತಿರುವಾಗ ಎಂದ ಬೇಕರಿಯವ. ಕೈಗೆ ತಾನಾಗಿ ಬಂದದ್ದನ್ನೂ ಬಿಡುವ ಮನುಷ್ಯ ಎಂದೂ ಸೇರಿಸಿದ.

ಸ್ವಲ್ಪ ಹೊತ್ತಿಗೆ ಔಷಧಿಯ ಕಿಟಕಿಯಲ್ಲಿ ಮಾಮಾನ ಮುಖ ಕಾಣಿಸಿತು. ನಾನು ಸಂತೋಷದಿಂದ ಓಡಿ ಬಂದು ಕುರ್ಚಿ ಹಾಕಿದೆ. ಅವರು ಕೂತುಕೊಳ್ಳಲೂ ಇಲ್ಲ.

"ಹೊನ್ನಾವರದಾಗ ಎರಡು, ಕುಮಟಾದಾಗ ಮೂರು ಬಿಟ್ಟಿ ಅಂತಲ್ಲ, ಖರೇನ?"

ನಮ್ಮ ಆಟದ ಸುದ್ದಿ ಗದಗದವರೆಗೂ ಹೋಗಿದೆಯಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. "ಈ ವರ್ಷ ಅಷ್ಟ ಮಾಮಾ. ಹಿಂದಿನವು ನೆನಪಿಲ್ಲ."

"ನಾಚಿಕಿ ಬರೂದಿಲ್ಲೇನು ನಿನಗ?"

"ಮೊದಲ ಬರ್ತಿತ್ತು. ಈಗ ರೂಢಿ ಆತು. ಇಲ್ಲಿ ಮಂದಿನೂ ಭಾಳ ಛಲೋ, ಏನೂ ಅನ್ನೂದಿಲ್ಲ. ಬಿಟ್ಟ ಮ್ಯಾಲ ಬೆನ್ನ ತಟ್ಟತಾರ."

ಮಾಮಾ ಮುಂದಿನ ಬಸ್ಸಿಗೇ ಹೊರಟುಹೋದರು. ಅವರು ಬಂದದ್ದೇಕೆ, ಹೋದದ್ದೇಕೆ ಎಂದು ನನಗೆ ತಿಳಿಯಲಿಲ್ಲ. ಸಂಜೆ ಮೈದಾನದಲ್ಲಿ ಇದನ್ನು ಹೇಳುತ್ತಿದ್ದಾಗ ಬೇಕರಿಯವನ ಮುಖ ಬಿಳಿಚಿಕೊಂಡಿತು. ತಾನು ಮಾಡಿದ್ದನ್ನು ಒಂದೊಂದೇ ಹೇಳಿದ. "ನಿಮ್ಮನ್ನ ಕರ್ಕೊಂಡು ಹೋಗ್ಬಿಡ್ತಾರೆ ಅಂತ ಹೆದ್ರಿದೆ, ಕಂಪೌಂಡರ್ರೇ" ಎಂದ. ನನಗೆ ಸಿಟ್ಟು ಬರಬೇಕಿತ್ತು. ಅವನು ಅದನ್ನು ಇನ್ನೊಂದು ಸಲ ಹೇಳಲಿ ಎನ್ನಿಸುತ್ತಿತ್ತು, ಅಷ್ಟೇ.

ವಾರದೊಳಗೆ ಅಕ್ಕನ ಕಾಗದ ಬಂದಾಗ ವಿಷಯ ಪೂರ್ತಿ ತಿಳಿಯಿತು: ಬೇಕರಿಗೆ ಬಂದಿದ್ದವರು ಹುಡುಗಿಯ ತಂದೆ, ನಾನು ಬಿಟ್ಟದ್ದು ಹೆಂಡಿರನ್ನು ಎಂದು ತಿಳಿದುಕೊಂಡಿದ್ದರು. ಸಾಹೇಬರು ಸುಮ್ಮನೆ ಕೂರಲಿಲ್ಲ. ಹೇಗೂ ಜವಳಿ ತರಲು ಹುಬ್ಬಳ್ಳಿಗೆ ಹೋಗುವುದಿದೆ ಎಂದು ನೆಪ ಹೇಳಿ, ಘಟ್ಟ ಹತ್ತಿ, ಅಲ್ಲಿಂದ ಆ ಹಳ್ಳಿಗೇ ಹೋದರು. ಹುಡುಗಿಯ ತಂದೆ ಅವರನ್ನು ಕಟ್ಟೆಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರಂತೆ. ಸಾಹೇಬರು ನೆಲದಲ್ಲಿ ಕಡ್ಡಿಯಿಂದ ಮೈದಾನ ಬರೆದು, ಶೇಂಗಾ ಕಾಳುಗಳನ್ನು ಆಟಗಾರರಾಗಿ ಇಟ್ಟು, ಗೋಲು ಎಂದರೇನು, ಗೋಲಿ ಎಂದರೇನು, ಬಿಡುವುದು ಎಂದರೇನು ಎಲ್ಲವನ್ನೂ ಬಿಡಿಸಿ ಹೇಳಿದರಂತೆ. ಅವರು ಬಹಳ ಮನಸ್ಸಿಟ್ಟು ಕೇಳಿದರಂತೆ, ನಡುನಡುವೆ ಪ್ರಶ್ನೆಯನ್ನೂ ಕೇಳಿದರಂತೆ.

ವಾಪಸು ಬಂದ ಸಾಹೇಬರು ಮೈದಾನದ ಅಂಚಿನಲ್ಲಿ ಕೂತು ಇದನ್ನೆಲ್ಲ ಹೇಳಿದರು. ನಾನೂ ಬೇಕರಿಯವನೂ ಎದುರಿಗೆ ಕೂತಿದ್ದೆವು. ಕೊನೆಗೆ ಏನಂದರು ಎಂದು ಬೇಕರಿಯವನೇ ಕೇಳಿದ. ಸಾಹೇಬರು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಗದಗದ ಮಾತನ್ನು ತಮಗೆ ಬಂದ ಹಾಗೆ ಆಡಿ ತೋರಿಸಿದರು:

"ಸಾಹೇಬ್ರ, ಈಗ ಎಲ್ಲಾ ತಿಳೀತು. ಹೆಂಡ್ರನ್ನ ಬಿಟ್ಟಿದ್ರ ಪಾಪ ಏನರ ಕಾರಣ ಇರತಿತ್ತು, ವಿಚಾರ ಮಾಡಬಹುದಿತ್ತು. ಆದ್ರ ಬ್ಯಾರೆ ಕೆಲಸ ಏನೂ ಇಲ್ಲದ, ಎರಡೂ ಕೈ ಖಾಲಿ ಇಟಗೊಂಡು ಬಾಗಲದಾಗ ನಿಂತು, ಬರೋ ಒಂದ ಚಂಡು ಹಿಡಿಯಾಕ ಆಗದವಗ ಮಗಳನ್ನ ಹೆಂಗ ಕೊಡ್ಲಿ?"

 ಆ ಸಂಬಂಧ ಅಲ್ಲಿಗೆ ಮುಗಿದಿತ್ತು. ಅಕ್ಕ ಆಮೇಲೆ ಬೇರೆ ಹುಡುಕಲಿಲ್ಲ, ನಾನೂ ಕೇಳಲಿಲ್ಲ. ಸಾಹೇಬರು ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡರು.

"ಹುಡುಗಿ ಹೋದ್ರೆ ಹೋಗ್ಲಿ, ಕಂಪೌಂಡರ್ರೇ. ಆಟ ಇಷ್ಟು ಅರ್ಥ ಆದ ಮನುಷ್ಯ ಈ ಕರಾವಳಿಯಲ್ಲೇ ಇಲ್ಲ. ಅವ್ರನ್ನ ಹೇಗಾದ್ರೂ ಕರೆಸಿ ನಮ್ಮ ಕ್ಲಬ್ಬಿಗೆ ರೆಫ್ರಿ ಮಾಡ್ಬೇಕು."